ಧರ್ಮರಾಯನ ರೀಬೈ

ನಮ್ಮ ಪಕ್ಕದ ತೋಟದ ಭಾವನಿಗೆ ಯಾವುದಾದರೂ ವಿಷಯ ಅರ್ಥವಾಗಲಿಲ್ಲ ಅಂದರೆ ಬೇಲಿ ಹತ್ತಿರ ಬಂದು ನಿಲ್ಲುತ್ತಾನೆ. ಅರ್ಥವಾದ ದಿನ ಆಸಾಮಿ ಪತ್ತೆಯೇ ಇರುವುದಿಲ್ಲ. ಹಾಗಾಗಿ ಸಾಗರ ತಾಲ್ಲೂಕಿನ ಈ ಮೂಲೆಯಲ್ಲಿ ನಾವಿಬ್ಬರೂ ಇಷ್ಟು ವರ್ಷ ಚರ್ಚೆ ಮಾಡಿದ್ದೆಲ್ಲ ಇಬ್ಬರಿಗೂ ತಿಳಿಯದ ಸಂಗತಿಗಳನ್ನೇ. ರಾಶಿ ಇಡಿ ಅಡಿಕೆಯ ಧಾರಣೆ ನಾವು ಮಾರಿದ ಮರುವಾರವೇ ಏರುವುದೇಕೆ, ಎಲೆಚುಕ್ಕಿ ರೋಗ ಹೊಸನಗರದ ಕಡೆಯಿಂದ ನಮ್ಮ ತೋಟದ ದಾರಿ ಹುಡುಕಿಕೊಂಡಿದ್ದು ಹೇಗೆ, ಇಂಥವು. ಈ ಸಲ ಪೋಕರು.

ಅವನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ಕಂಪ್ಯೂಟರ್ ಕೆಲಸ, ಮನೆಯಿಂದಲೇ ಮಾಡುತ್ತಾನೆ. ಅಂದರೆ ಉಪ್ಪರಿಗೆಯಲ್ಲಿ ಸಿಗ್ನಲ್ ಸಿಗುವ ಒಂದೇ ಒಂದು ಕಿಟಕಿಯ ಪಕ್ಕ ಕೂತಿರುತ್ತಾನೆ. ಅವನು ಕೆಲವು ವರ್ಷ ಆನ್‌ಲೈನಿನಲ್ಲಿ ಪೋಕರ್ ಟೂರ್ನಮೆಂಟ್ ಆಡಿದವನಂತೆ. ಅಪ್ಪನಿಗೆ ಅದು ಗೊತ್ತಾಗಿದ್ದು ಆಟ ಬಂದಾದ ಮೇಲೆ.

"ಸೋತವನು ಮತ್ತೆ ದುಡ್ಡು ಕಟ್ಟಿ ಅದೇ ಆಟಕ್ಕೆ ವಾಪಸ್ ಬರಬಹುದಂತೆ ಮಾರಾಯ. ರೀಬೈ ಅಂತಾರಂತೆ. ಅದೆಂಥ ಟೂರ್ನಮೆಂಟು? ಔಟಾದವನು ಔಟಾಗಬೇಕಪ್ಪ!" ಅಂತ ಭಾವ.

"ನೀನೇ ಎಷ್ಟು ಸಲ ವಾಪಸ್ ಬಂದಿಲ್ಲ?" ಅಂದೆ.

ಬಂದಿದ್ದಾನೆ. ನಮ್ಮ ಕಡೆ ಮದುವೆಯ ಹಿಂದಿನ ರಾತ್ರಿ, ವೈಕುಂಠ ಸಮಾರಾಧನೆಯ ಊಟ ಮುಗಿದ ಮಧ್ಯಾಹ್ನ, ದೀಪಾವಳಿಯಲ್ಲಿ ಗೋಪೂಜೆ ಆದ ಮೇಲೆ, ಜಮಖಾನ ಹಾಸಿ ಇಸ್ಪೀಟೆಲೆ ಕಲಸುವುದು ಊಟಕ್ಕೆ ಉಪ್ಪಿನಕಾಯಿ ಬಡಿಸಿದಷ್ಟೇ ಖಾಯಂ. ಲೆಕ್ಕಾಚಾರದವರು ಇಪ್ಪತ್ತೆಂಟು ಆಡುತ್ತಾರೆ, ಗಡಿಬಿಡಿಯವರು ಮೂರೆಲೆ, ಉಳಿದವರು ರಮ್ಮಿ. ರಮ್ಮಿಯಲ್ಲಿ ನೂರೊಂದು ಅಂತ ಒಂದಿದೆಯಲ್ಲ, ಅದರಲ್ಲಿ ಎಲೆ ನೋಡಿದ ಕೂಡಲೇ ಇಟ್ಟರೆ 20, ನಡುವೆ ಇಟ್ಟರೆ 40, ಪೂರ್ತಿ ಸಿಕ್ಕಿಬಿದ್ದರೆ 80. ಹೀಗೆ ಸೇರುತ್ತಾ 101 ಮುಟ್ಟಿದವನು ಹೊರಗೆ. ಆದರೆ ಉಳಿದವರಲ್ಲಿ ಯಾರೂ 79 ದಾಟಿಲ್ಲ ಅಂದರೆ ಹೊರಗೆ ಹೋದವನು ಮತ್ತೆ ದುಡ್ಡು ಹಾಕಿ ಒಳಗೆ ಬರಬಹುದು. ಬಂದವನ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. ಆಗ ಜಮಖಾನದ ಮೇಲೆ ಯಾರ ಅಂಕ ಎಲ್ಲರಿಗಿಂತ ಹೆಚ್ಚೋ ಅದಕ್ಕೆ ಒಂದು ಸೇರಿಸಿ ಅವನ ಹೆಸರಿನ ಕೆಳಗೆ ಬರೆಯುತ್ತಾರೆ. ಮತ್ತೆ ಬಂದವನಿಗೆ ಕೊನೇ ಪಂಕ್ತಿಯ ಕೊನೇ ಎಲೆ. ನ್ಯಾಯವೇ.

ಪೋಕರಿನ ರೀಬೈಯಲ್ಲಿ ಈ ಶಿಕ್ಷೆ ಇಲ್ಲ. ಅಲ್ಲಿರುವುದು ಅಂಕ ಅಲ್ಲ, ಚಿಪ್ಪು, ಅಂದರೆ ಆಟದ ಬಿಲ್ಲೆ. 100 ರೂಪಾಯಿ ಕಟ್ಟಿ ಕೂತರೆ 3,000 ಚಿಪ್ಪು ಕೊಟ್ಟರು ಅಂತ ಇಟ್ಟುಕೊಳ್ಳಿ. ಮೊದಲ ಒಂದು ಗಂಟೆಯೋ ಒಂದೂವರೆ ಗಂಟೆಯೋ ರೀಬೈ ಹೊತ್ತು. ಆ ಹೊತ್ತಿನಲ್ಲಿ ಚಿಪ್ಪು ಖಾಲಿಯಾದರೆ ಮತ್ತೆ 100 ಕಟ್ಟಿ, ಮತ್ತೆ ಪೂರ್ತಿ 3,000 ತೆಗೆದುಕೊಂಡು ಅದೇ ಕುರ್ಚಿಯಲ್ಲಿ ಮುಂದುವರಿಯಬಹುದು. ಖಾಲಿಯೇ ಆಗಬೇಕೆಂದೂ ಇಲ್ಲ. ಶುರುವಿನಲ್ಲಿ ಕೊಟ್ಟಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಕು ಅನ್ನುವ ನಿಯಮ ಎಷ್ಟೋ ಕಡೆ ಇರುವುದರಿಂದ, ಕೂತ ನಿಮಿಷದಲ್ಲೇ ಇನ್ನೊಂದು 100 ಹಾಕಿ 6,000ದಿಂದ ಶುರು ಮಾಡುವವರೂ ಇದ್ದಾರೆ. ಆ ಹೊತ್ತು ಮುಗಿದಾಗ ಒಂದು ವಿರಾಮ. ಆಗ ಎಲ್ಲರಿಗೂ ಒಂದು ಸಲ ಆಡ್-ಆನ್, ಅಂದರೆ ಇನ್ನೊಂದು 100ಕ್ಕೆ ಸ್ವಲ್ಪ ಉದಾರವಾಗಿ, 4,000 ಚಿಪ್ಪು ಅನ್ನೋಣ. ಅದಾದ ಮೇಲೆ ಬಾಗಿಲು ಮುಚ್ಚಿತು. ಸೋತವನು ಸೋತ ಹಾಗೇ.

ಇಷ್ಟು ಹೇಳಿದಾಗ ಭಾವ ಕವಳ ಹಾಕಿಕೊಂಡ. ಅವನು ಕವಳ ಹಾಕಿಕೊಂಡರೆ ವಾದ ಮಾಡುತ್ತಾನೆ ಅಂತ ಅರ್ಥ.

"ಹಂಗಾದ್ರೆ ದುಡ್ಡಿದ್ದವನೇ ಗೆಲ್ತಾನೆ."

ಇಲ್ಲೇ ಹೆಚ್ಚಿನವರು ತಪ್ಪುವುದು. ದುಡ್ಡಿದ್ದವನು ಗೆಲ್ಲುವುದಿಲ್ಲ, ದುಡ್ಡು ಎಷ್ಟು ಅಂತ ಮೊದಲೇ ನಿಶ್ಚಯ ಮಾಡಿಕೊಂಡು ಕೂತವನಿಗೆ ಗೆಲ್ಲುವ ದಾರಿ ಇದೆ. ಬೋರ್ಡಿನ ಮೇಲೆ 100 ಅಂತ ಬರೆದಿರುವುದು ಬಾಗಿಲ ಬೆಲೆ ಮಾತ್ರ. ಒಂದು ಪ್ರವೇಶ, ಎರಡು ರೀಬೈ, ಒಂದು ಆಡ್-ಆನ್ ಅಂತ ಹಿಡಿದರೆ ಆ ಆಟ 400ರದ್ದು. ತಿಂಗಳಿಗೆ 2,000 ಇಟ್ಟುಕೊಂಡವನು 20 ಟೂರ್ನಮೆಂಟ್ ಆಡುತ್ತೇನೆ ಅಂದುಕೊಂಡು ಹೊರಟರೆ ಐದನೆಯದಕ್ಕೇ ಚೀಲ ಖಾಲಿ. ನಾವು ಮುಂಗಾರಿಗೆ ಮೊದಲು ಮರ ಹತ್ತುವ ಕೊನೆಗೌಡನನ್ನು ಕರೆಸಿ ಅಡಿಕೆಗೆ ಮೈಲುತುತ್ತ-ಸುಣ್ಣ ಹೊಡೆಸುವಾಗಲೇ ಇನ್ನು ನಲವತ್ತು ದಿನಕ್ಕೆ ಎರಡನೇ ಸಲ ಹೊಡೆಸುವ ದುಡ್ಡನ್ನೂ ತೆಗೆದಿಟ್ಟಿರುತ್ತೇವಲ್ಲ, ಹಾಗೆ. ಕೊಳೆರೋಗ ಬಂದು ಉದುರಿದ ಕಾಯಿ ಎದುರಿಗಿಟ್ಟುಕೊಂಡು ಎರಡನೇ ಔಷಧಿಯ ಯೋಚನೆ ಯಾರೂ ಮಾಡುವುದಿಲ್ಲ.

"ನನ್ನ ತೋಟದ ಆಚೆಯವನು ಮಾಡ್ತಾನೆ" ಅಂದ ಭಾವ. ಅದು ನಿಜ, ಆದರೆ ಅದು ಬೇರೆ ಬೇಲಿಯ ಮಾತು.

ಆ ಹೊತ್ತಿಗೆ ಹುಡುಗ ಕೆಳಗಿಳಿದು ಬಂದ. ಮೀಟಿಂಗ್ ಮಧ್ಯೆ ಸಿಗ್ನಲ್ ಹೋಯಿತಂತೆ. ಬೇಲಿಗೆ ಕೈಯೂರಿ, "ಮಾವ, ಅಪ್ಪನ ಹತ್ರ ಕಾನೂನು ಮಾತಾಡ್ಬೇಡಿ, ಅವ್ರಿಗೆ ನನ್ನ ಜೈಲಿಗೆ ಕಳ್ಸೋ ಆಸೆ" ಅಂದ.

ಹಾಗೇನೂ ಇಲ್ಲ ಅಂತ ಸಮಾಧಾನ ಮಾಡಿದೆ. ಕಾನೂನಿನ ಕತೆಯೂ ಈ ಆಟದ ಹಾಗೆಯೇ ಹೋಗಿ ಬಂದು ಮಾಡಿದ್ದು. 1968ರಲ್ಲಿ ಸುಪ್ರೀಂ ಕೋರ್ಟು ಆಂಧ್ರದ ಒಂದು ಕೇಸಿನಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂದಿತು. ಮೂರೆಲೆ ಹಾಗಲ್ಲ ಅಂತಲೂ ಸೂಚಿಸಿತು. ನಮ್ಮ ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಅಕ್ಟೋಬರ್ 5ರಿಂದ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಅದರ ಮುಖ್ಯ ಭಾಗವನ್ನು ರದ್ದು ಮಾಡಿತು. ಆಮೇಲೆ ತೆರಿಗೆ ಬಂತು: 2023ರ ಅಕ್ಟೋಬರ್ 1ರಿಂದ, ಜೇಬಿನಿಂದ ಹೊಸದಾಗಿ ಹಾಕುವ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ. ಅಲ್ಲೇ ಗೆದ್ದು ಅಲ್ಲೇ ಹಾಕಿದ್ದಕ್ಕಿಲ್ಲ, ಹೊಸ ದುಡ್ಡಿಗೆ. ನಿವ್ವಳ ಗೆಲುವಿನ ಮೇಲೆ 30% ತೆರಿಗೆ ಕಡಿತ ಅದಕ್ಕೂ ಮೊದಲೇ, ಅದೇ ವರ್ಷದ ಏಪ್ರಿಲ್‌ನಿಂದ ಇತ್ತು. ಹುಡುಗನ ಮಾತಿನಲ್ಲಿ ಹೇಳುವುದಾದರೆ, ಸೋತು ಸೋತು ಜೇಬಿಗೆ ಕೈಹಾಕುವವನಿಗೆ ಪ್ರತಿ ರೀಬೈಗೂ ಸುಂಕದ ಕಟ್ಟೆ. ಕೊನೆಗೆ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಎರಡು ದಿನದಲ್ಲಿ ಮಸೂದೆ ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕೌಶಲವೋ ಅದೃಷ್ಟವೋ ಅನ್ನುವ ಪ್ರಶ್ನೆಯನ್ನೇ ಆ ಕಾಯ್ದೆ ಪಕ್ಕಕ್ಕಿಟ್ಟಿತು: ದುಡ್ಡಿಟ್ಟು ದುಡ್ಡು ಗೆಲ್ಲುವ ಆನ್‌ಲೈನ್ ಆಟ ಯಾವುದೂ ಕೂಡದು. ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವನಿಗೂ ದುಡ್ಡು ದಾಟಿಸಿದವನಿಗೂ ಪಾಲು ಉಂಟು. ಆಡಿದವನಿಗೆ ಶಿಕ್ಷೆ ಇಲ್ಲ, ಅವನನ್ನು ನೊಂದವನ ಲೆಕ್ಕದಲ್ಲಿ ಹಿಡಿದಿದ್ದಾರೆ. ಕಾಯ್ದೆಯನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟುಗಳಲ್ಲಿ ಹಾಕಿದ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತನ್ನ ಹತ್ತಿರ ತರಿಸಿಕೊಂಡಿತು. ಅದರಲ್ಲಿ ನಮ್ಮ ಹೈಕೋರ್ಟಿನದೂ ಒಂದು.

"ಅಂದ್ರೆ ನೀನೀಗ ನೊಂದವನು" ಅಂತ ಭಾವ ಮಗನನ್ನು ಮೇಲಿಂದ ಕೆಳಗೆ ನೋಡಿದ.

ಹುಡುಗ ಈಗ ಆಡುವುದು ದುಡ್ಡಿಲ್ಲದ ಬರೀ ಚಿಪ್ಪಿನ ಆಟ. ವಿದೇಶದ ಸೈಟುಗಳು ಬಾ ಬಾ ಅನ್ನುತ್ತವಂತೆ. ಅಲ್ಲಿ ದುಡ್ಡು ಮುಳುಗಿದರೆ ಕೇಳಲಿಕ್ಕೆ ಠಾಣೆ ಎಲ್ಲಿದೆ ಅಂತ ಅವನೇ ಕೇಳಿದ. ಅಷ್ಟು ಬುದ್ಧಿ ಇದೆ. ಆದರೆ ಬರೀ ಚಿಪ್ಪಿನ ಆಟದಲ್ಲಿ ರೀಬೈಗೆ ಅರ್ಥವೇ ಇಲ್ಲ ಅಂತ ಅವನ ಕೊರಗು. ವಾಪಸ್ ಬರಲು ಏನೂ ಖರ್ಚಿಲ್ಲ ಅಂದಮೇಲೆ ಎಲ್ಲರೂ ಮೊದಲ ಎಲೆಗೇ ಇದ್ದಬದ್ದದ್ದನ್ನೆಲ್ಲ ಮುಂದಕ್ಕೆ ತಳ್ಳುತ್ತಾರೆ. ಅಲ್ಲಿ ಕಲಿಯುವುದು ಏನೂ ಇಲ್ಲ.

ದುಡ್ಡಿನ ಆಟದಲ್ಲೂ ಮೊದಲ ಗಂಟೆ ಹೆಚ್ಚುಕಡಿಮೆ ಹೀಗೇ ಇರುತ್ತಿತ್ತು ಅನ್ನುವುದೇ ರೀಬೈಯ ಮೂಲ ಗುಟ್ಟು. ಹೋದರೆ ಇನ್ನೊಂದು ನೂರು ಅಂತ ಹೇಳಿಕೊಂಡು ಕಣ್ಣುಮುಚ್ಚಿ ತಳ್ಳುವವರು ಮೇಜಿಗೆ ಇಬ್ಬರಾದರೂ ಇರುತ್ತಾರೆ. ಅವರ ಎದುರು ಬ್ಲಫ್ ಹೊಡೆಯುವುದು ಶುದ್ಧ ದಂಡ. ಹೆದರುವವನಿದ್ದರೆ ತಾನೇ ಹೆದರಿಸುವುದು? ಅಲ್ಲಿ ಮಾಡಬೇಕಾದ್ದು ಕಾಯುವುದು, ಒಳ್ಳೆಯ ಎಲೆ ಬಂದಾಗ ಒಪ್ಪಿಕೊಳ್ಳುವುದು, ಅಷ್ಟೇ. ಆದರೆ "ಒಳ್ಳೆಯ ಎಲೆ" ಅಂದರೆ ಎಷ್ಟು ಒಳ್ಳೆಯದು ಅನ್ನುವುದನ್ನು ಅಂಕಿಯಲ್ಲಿ ತಿಳಿದಿರಬೇಕು. ಈ ಪೋಕರಿನಲ್ಲಿ ಶುರುವಿಗೆ ಕೈಗೆ ಬರುವ ಎರಡೆಲೆಯ ಜೋಡಿಗಳು ಒಟ್ಟು 1,326. ಅದರಲ್ಲಿ ಎರಡು ಎಕ್ಕ ಬರುವುದು 221ಕ್ಕೆ ಒಂದು ಸಲ. ಯಾವುದೋ ಎಲೆ ಹಿಡಿದು ತಳ್ಳಿದವನ ಎದುರು ಆ ಎರಡು ಎಕ್ಕ ಗೆಲ್ಲುವುದು ಸುಮಾರು 85%; ಎರಡು ಒಂಬತ್ತು ಸುಮಾರು 72%; ಎಕ್ಕ-ರಾಜ ಬೇರೆ ಬೇರೆ ಜಾತಿಯದಾದರೆ ಸುಮಾರು 65%.

"ಎಕ್ಕದ ಜೋಡಿ ಬಂದ್ರೂ ಸೋಲ್ಬಹುದಾ?" ಭಾವನಿಗೆ ಇದು ನಿಜವಾಗಿ ನೋವಾಯಿತು.

ಏಳು ಸಲದಲ್ಲಿ ಒಂದು ಸಲ ಸೋಲುತ್ತದೆ, ಎದುರಿಗೆ ಒಬ್ಬನೇ ಇದ್ದಾಗ. ನಾಲ್ಕು ಜನ ಒಟ್ಟಿಗೆ ನುಗ್ಗಿದರೆ ಅದೇ ಎಕ್ಕದ ಜೋಡಿಯ ಪಾಲು 56%ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ಮೊದಲ ಗಂಟೆಯಲ್ಲಿ ಎಷ್ಟು ಸರಿಯಾಗಿ ಆಡಿದರೂ ಒಂದು ಸಲ ಬರಿಗೈ ಆಗುವುದು ಆಟದ ಸ್ವಭಾವ. ಆ ಒಂದು ಸಲಕ್ಕೆ ರೀಬೈ ಇದೆ. ಸರಿಯಾಗಿ ಆಡಿ ಸೋತವನಿಗೆ ಅದು ಹಕ್ಕು. ಸಿಟ್ಟಿನಲ್ಲಿ ಸೋತವನಿಗೆ ಅದೇ ಗುಂಡಿ. ಎರಡರಲ್ಲೂ ಒತ್ತುವ ಗುಂಡಿ ಒಂದೇ ಆದ್ದರಿಂದ ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆಡುವವನಿಗೂ ಆ ಗಳಿಗೆಯಲ್ಲಿ ಕಾಣುವುದಿಲ್ಲ, ಅದು ಇನ್ನೂ ಕಷ್ಟ.

ಕೂತ ಕೂಡಲೇ ದುಪ್ಪಟ್ಟು ಚಿಪ್ಪು ಕೊಳ್ಳುವುದು ಒಳ್ಳೆಯದೋ ಅಂತ ಹುಡುಗನನ್ನು ಕೇಳಿದೆ. ಅವನು ಹೇಳಿದ್ದು ನನಗೆ ಹಿಡಿಸಿತು. ನನ್ನ ಹತ್ತಿರ 6,000 ಇದ್ದು ಎದುರಿನವನ ಹತ್ತಿರ 3,000 ಇದ್ದರೆ, ನಾವಿಬ್ಬರು ಆಡುವುದು 3,000ದ ಆಟವೇ. ಅವನಿಂದ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಮೇಜಿನ ಮೇಲೆ ಬಹಳ ಜನ ದುಪ್ಪಟ್ಟು ಮಾಡಿಕೊಂಡಿದ್ದರೆ, ಮತ್ತು ಅವರಿಗಿಂತ ನಾನು ಚೆನ್ನಾಗಿ ಆಡುತ್ತೇನೆ ಅನ್ನುವ ಧೈರ್ಯ ಇದ್ದರೆ, ಆಗ ಮಾತ್ರ ಅದಕ್ಕೆ ಬೆಲೆ. ಎರಡನೆಯ ಷರತ್ತಿನ ಬಗ್ಗೆ ಎಲ್ಲರೂ ಸುಳ್ಳು ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಂಡಿದ್ದೆ ಅಂತ ಅಪ್ಪನ ಕಡೆ ನೋಡದೆ ಸೇರಿಸಿದ.

ನಾನು ಸೊಸೈಟಿಯ ಲೆಕ್ಕ ಬರೆದು ನಿವೃತ್ತನಾದವನು. ಚಿಪ್ಪಿನ ಗಟ್ಟಿ ಧಾರಣೆ ಏನು ಅಂತ ನೋಡದೆ ಬಿಡಲಾಗಲಿಲ್ಲ. ಹುಡುಗನ ಫೋನು ಇಸಕೊಂಡು ಬೇಲಿ ಮೇಲೇ ಲೆಕ್ಕ ಹಾಕಿದೆ. 100 ಜನ ಸೇರಿದರು, ಒಟ್ಟು 150 ರೀಬೈ ಆಯಿತು, ವಿರಾಮದಲ್ಲಿ 80 ಜನ ಆಡ್-ಆನ್ ಕೊಂಡರು ಅಂತ ಇಟ್ಟುಕೊಳ್ಳೋಣ. ಪ್ರತಿಯೊಂದೂ 100 ರೂಪಾಯಿ. ನಡೆಸುವವನ ಕಮಿಷನ್ ಬಿಟ್ಟೇ ಬಿಡೋಣ. ಬಹುಮಾನದ ಗಂಟು 33,000. ಚಿಪ್ಪು ಎಷ್ಟು? ಮೊದಲಿನದು 3 ಲಕ್ಷ, ರೀಬೈಯದು ನಾಲ್ಕೂವರೆ ಲಕ್ಷ, ಆಡ್-ಆನಿನದು 3 ಲಕ್ಷ 20 ಸಾವಿರ. ಒಟ್ಟು 10,70,000. ಭಾಗಿಸಿದರೆ ಸಾವಿರ ಚಿಪ್ಪಿಗೆ ಸುಮಾರು 31 ರೂಪಾಯಿ ಬೀಳುತ್ತದೆ. ಈಗ ನೋಡಿ: ರೀಬೈಯಲ್ಲಿ ಸಾವಿರಕ್ಕೆ 33 ರೂಪಾಯಿಗೂ ಸ್ವಲ್ಪ ಹೆಚ್ಚು ಕೊಟ್ಟಿರುತ್ತೇವೆ, ಆಡ್-ಆನಿನಲ್ಲಿ 25. ಅಂದರೆ ರೀಬೈ ಒಂಚೂರು ದುಬಾರಿ, ಆಡ್-ಆನ್ ಅಗ್ಗ. ಅಗ್ಗದ ಮಾಲು ಮಾರುಕಟ್ಟೆಗೆ ಬಿದ್ದ ಕೂಡಲೇ ಮೊದಲು ಕೊಂಡವನ ಮಾಲಿನ ಧಾರಣೆ ಇಳಿಯಿತು.

"ನಮ್ಮ ಅಡಿಕೆಗೂ ಅದೇ ಅಲ್ವಾ ಆಗೋದು, ಆಮದು ಬಂದಾಗ" ಅಂತ ಭಾವ ನೆಟ್ಟಗಾದ. ಅವನ ಕುತೂಹಲ ನಿಜವಾಗಿ ಕೆರಳಿದ್ದು ಈಗ. ಭೂತಾನ್, ಬರ್ಮಾ ಎಲ್ಲ ಬಂದು ಹೋಯಿತು; ಅದನ್ನಿಲ್ಲಿ ಬರೆಯುವುದಿಲ್ಲ.

ಆದರೆ ಆ ಲೆಕ್ಕದಿಂದ ಹುಟ್ಟುವ ಬುದ್ಧಿ ಮಾತ್ರ ಖಚಿತ. ವಿರಾಮಕ್ಕೆ ಹತ್ತು ನಿಮಿಷ ಇರುವಾಗ ರೀಬೈ ಮಾಡಿ, ಆಮೇಲೆ ಆಡ್-ಆನಿಗೆ ದುಡ್ಡಿಲ್ಲ ಅನ್ನುವವನು ದುಬಾರಿಯದ್ದನ್ನು ಕೊಂಡು ಅಗ್ಗದ್ದನ್ನು ಬಿಟ್ಟ. ಆಡ್-ಆನ್ ಕೊಳ್ಳುವಷ್ಟು ಉಳಿದಿದೆಯೋ ನೋಡಿಕೊಂಡೇ ಕೊನೆಯ ರೀಬೈ. ಕೈಯಲ್ಲಿ ಎರಡು-ಮೂರು ಸಾವಿರ ಮಾತ್ರ ಇರುವವನಿಗೆ ಆಡ್-ಆನ್ ಸಂಜೀವಿನಿ. 4,000 ಸೇರಿದರೆ ಅವನ ಆಟ ದುಪ್ಪಟ್ಟಿಗೂ ಹೆಚ್ಚಾಗುತ್ತದೆ. 60,000 ಗುಡ್ಡೆ ಹಾಕಿಕೊಂಡವನಿಗೆ ಅದೇ 4,000 ಅಂಥದ್ದೇನೂ ಅಲ್ಲ, ಯಾಕೆಂದರೆ ಬಹುಮಾನ ಒಬ್ಬನಿಗೇ ಹೋಗುವುದಿಲ್ಲ, ಹಂಚಿ ಹೋಗುತ್ತದೆ. ಗುಡ್ಡೆ ದೊಡ್ಡದಾದಷ್ಟೂ ಅದರ ಮೇಲಿನ ಒಂದೊಂದು ಚಿಪ್ಪಿನ ಬೆಲೆ ಇಳಿಯುತ್ತಾ ಹೋಗುತ್ತದೆ.

ವಿರಾಮದ ನಂತರ ಅದೇ ಮೇಜು, ಅದೇ ಮುಖಗಳು, ಆದರೆ ಆಟ ಬೇರೆ. ಗಂಟೆಯ ಹಿಂದೆ ಹುಲಿಯ ಹಾಗೆ ಹಾರುತ್ತಿದ್ದವರೆಲ್ಲ ಎಲೆ ಎದೆಗೆ ಒತ್ತಿಕೊಂಡು ಕೂರುತ್ತಾರೆ. ಇನ್ನು ಸೋತರೆ ಹೊರಗೇ ಅಂತ ಈಗ ಜ್ಞಾನೋದಯ. ಬ್ಲೈಂಡು, ಅಂದರೆ ಎಲೆ ನೋಡುವ ಮೊದಲೇ ಸರದಿಯ ಮೇಲೆ ಇಡಬೇಕಾದ ಕಡ್ಡಾಯದ ಚಿಪ್ಪು, ಏರುತ್ತಾ ಹೋಗುತ್ತದೆ. ಹೆದರಿದವರ ಎದುರು ಈಗ ಬ್ಲಫ್ ನಡೆಯುತ್ತದೆ. ಯಾರೂ ಕೇಳದ ಬ್ಲೈಂಡನ್ನು ಸುಮ್ಮನೆ ಎತ್ತಿಕೊಂಡು ಹೋಗಬಹುದು. ಬಹುಮಾನದ ಗೆರೆಗೆ ಇನ್ನಿಬ್ಬರು ಮೂವರು ಹೋಗಬೇಕು ಅನ್ನುವಾಗಂತೂ ಉಸಿರಾಡಲೂ ಹೆದರುತ್ತಾರಂತೆ. ಇಡೀ ತಂತ್ರ ಇಷ್ಟೇ: ಎಲ್ಲರೂ ಹುಚ್ಚಾಗಿದ್ದಾಗ ನೀನು ಜಿಪುಣ, ಎಲ್ಲರೂ ಜಿಪುಣರಾದಾಗ ನೀನು ಹುಚ್ಚ. ಹೇಳಲು ಸುಲಭ. ಮನುಷ್ಯನಿಗೆ ಪಕ್ಕದವನು ನಕ್ಕಾಗ ನಗು, ಅತ್ತಾಗ ಅಳು ಬರುವುದು ಸಹಜ. ಅದಕ್ಕೆ ತಿರುವುಮುರುವು ಕೂರುವುದನ್ನು ಮೊಬೈಲಿನಲ್ಲಿ ಕಲಿಸುವುದಕ್ಕೆ ಆಗುವುದಿಲ್ಲ.

ಮೊಬೈಲು ಕಲಿಸಿದ್ದು ಒಮ್ಮೆ ಮಾತ್ರ, ಅದೂ ಸಿಗ್ನಲ್ ಹೋದಾಗ. ಹೊಸನಗರದ ಒಳಗೆ ನನ್ನ ತಂಗಿಯ ಮನೆ. ಅಲ್ಲಿಗೆ ಹೋದಾಗ ಹುಡುಗನಿಗೆ ಒಂದು ರಾತ್ರಿ ದೊಡ್ಡ ಲಾಭವಾಗಿತ್ತಂತೆ. ಗೆದ್ದದ್ದಲ್ಲ. ಚಿಪ್ಪು ಖಾಲಿಯಾದಾಗ ರೀಬೈ ಬೇಕೋ ಅಂತ ಪರದೆಯ ಮೇಲೆ ಒಂದು ಚೀಟಿ ಬರುತ್ತಿತ್ತು, ಕೆಲವೇ ಸೆಕೆಂಡು ಇರುತ್ತಿತ್ತು. ಆ ಕೆಲವು ಸೆಕೆಂಡಿನಲ್ಲಿ ನೆಟ್‌ವರ್ಕ್ ಹೋಗಿ, ಬರುವಷ್ಟರಲ್ಲಿ ಆಟದಿಂದ ಹೊರಗೆ. ಆವತ್ತು ಬೈದುಕೊಂಡನಂತೆ. ಮರುದಿನ ಲೆಕ್ಕ ನೋಡಿದರೆ ಅದಕ್ಕೆ ಮೊದಲೇ ತಾನು ಹಾಕಿಕೊಂಡಿದ್ದ ಗೆರೆ ದಾಟಿ ಆಗಿತ್ತು. ನಮ್ಮ ಕಡೆಯ ಎಷ್ಟೋ ಊರವರು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಅಂತ ಬೋರ್ಡು ಹಾಕಿದ್ದರಲ್ಲ, ಹೀಗೂ ಒಂದು ಉಪಕಾರ ಆಗುತ್ತಿತ್ತು ಅಂತ ಯಾರೂ ಅರ್ಜಿಯಲ್ಲಿ ಬರೆಯಲಿಲ್ಲ. ಬೆಂಗಳೂರಿನಲ್ಲಿ ಈ ಸೌಲಭ್ಯ ಇರಲಿಲ್ಲ. ಅಲ್ಲಿ ಅದಕ್ಕೆ ಬದಲು ಆಟೋ-ರೀಬೈ ಅಂತ ಒಂದು ಚೌಕ ಇರುತ್ತಿತ್ತು, ಅದಕ್ಕೊಂದು ಗುರುತು ಹಾಕಿದರೆ ಸೋತ ಕೂಡಲೇ ಕೇಳದೆಯೇ ದುಡ್ಡು ಕಟ್ಟಿ ವಾಪಸ್ ಕೂರಿಸುತ್ತಿತ್ತು. ನಾನು ಕಂಡ ಯಂತ್ರಗಳಲ್ಲೆಲ್ಲ ಇದಕ್ಕಿಂತ ಕೆಟ್ಟ ವಿಧೇಯ ಇನ್ನೊಂದಿಲ್ಲ.

ನಮ್ಮಲ್ಲಿ ಹಿಂದೆ ಆಟದಿಂದ ಎಬ್ಬಿಸುವ ಕೆಲಸವನ್ನು ಹಿನ್ನೀರು ದಾಟಿಸುವ ಲಾಂಚು ಮಾಡುತ್ತಿತ್ತು. ತುಮರಿ ಕಡೆಯವರು ಈಚೆ ದಡಕ್ಕೆ ಮದುವೆಗೆ ಬಂದು ಎಲೆಗೆ ಕೂತರೆ, ಹೊಳೆಬಾಗಿಲಿನ ಕಡೇ ಲಾಂಚು ತಪ್ಪುತ್ತದೆ ಅಂತ ಕೈಯಲ್ಲಿ ಎಂಥ ಎಲೆ ಇದ್ದರೂ ಬಿಸಾಕಿ ಏಳಬೇಕಿತ್ತು. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಈಗ ಅವರನ್ನು ಎಬ್ಬಿಸುವವರು ಯಾರೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಭಾವ ತನ್ನ ಬ್ರಹ್ಮಾಸ್ತ್ರ ತೆಗೆದ. ಅವನು ತಾಳಮದ್ದಳೆಯ ಹುಚ್ಚ. ಯಾವ ವಿಷಯವನ್ನಾದರೂ ಕೊನೆಗೆ ಮಹಾಭಾರತಕ್ಕೆ ತಂದು ಕಟ್ಟುತ್ತಾನೆ. "ಧರ್ಮರಾಯನೂ ಮತ್ತೆ ಹೋಗಿ ಕೂತ್ನಲ್ಲ. ಅವನೇನು ದಡ್ಡನಾ?"

ಅದು ಒಳ್ಳೆಯ ಪ್ರಶ್ನೆ. ಮೊದಲ ಜೂಜಿನಲ್ಲಿ ರಾಜ್ಯ, ತಮ್ಮಂದಿರು, ತಾನು, ಹೆಂಡತಿ ಎಲ್ಲ ಹೋಯಿತು. ದ್ರೌಪದಿಗೆ ಧೃತರಾಷ್ಟ್ರ ಕೊಟ್ಟ ವರದಿಂದ ಬಿಡುಗಡೆಯಾಯಿತು, ಕಳಕೊಂಡದ್ದೂ ವಾಪಸ್ ಸಿಕ್ಕಿತು. ಇಂದ್ರಪ್ರಸ್ಥದ ದಾರಿ ಹಿಡಿದಿದ್ದಾರೆ. ಅಷ್ಟರಲ್ಲಿ ಮತ್ತೆ ಕರೆ. ಮತ್ತೆ ಹೋದ. ಅನುದ್ಯೂತ ಅನ್ನುತ್ತಾರೆ. ಅರ್ಥಧಾರಿಗಳು ಇದಕ್ಕೆ ಎಷ್ಟು ಸಮರ್ಥನೆ ಕೊಟ್ಟಿಲ್ಲ! ದೊಡ್ಡಪ್ಪನ ಆಜ್ಞೆ, ಕರೆದರೆ ಒಲ್ಲೆ ಅನ್ನಬಾರದೆಂಬ ಕ್ಷತ್ರಿಯ ಧರ್ಮ, ವಿಧಿ. ಕೇಳುವಾಗ ಹೌದು ಹೌದು ಅನ್ನಿಸುತ್ತದೆ, ಎದ್ದು ಮನೆಗೆ ಬರುವಾಗ ಅನ್ನಿಸುವುದಿಲ್ಲ. ರೀಬೈಯ ಕಣ್ಣಿನಿಂದ ನೋಡಿದರೆ ಅವನು ಮಾಡಿದ ತಪ್ಪು ಮೂರು. ಅದೇ ಶಕುನಿಯ ಎದುರು, ಅದೇ ದಾಳಕ್ಕೆ ಕೂತ. ಮೊದಲಿನದ್ದು ಹೆಜ್ಜೆ ಹೆಜ್ಜೆಯಾಗಿ ಸೋತ ಆಟ, ಎರಡನೆಯದು ಒಂದೇ ಎಸೆತ: ಸೋತವರಿಗೆ 12 ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ. ಇನ್ನು ಕೈಯಲ್ಲಿದ್ದ ಬಂಡವಾಳ ತಾನು ದುಡಿದದ್ದಲ್ಲ, ಹೆಂಡತಿ ಬಿಡಿಸಿ ತಂದದ್ದು. ಆ ಮೂರನೆಯದನ್ನು ನಾನು ಯಾವ ತಾಳಮದ್ದಳೆಯಲ್ಲೂ ಸರಿಯಾಗಿ ಕೇಳಿಲ್ಲ. ದ್ರೌಪದಿಯ ಪಾತ್ರಕ್ಕೆ ಅಷ್ಟು ಹೊತ್ತು ಕೊಡುವುದಿಲ್ಲ.

"ನಳ?" ಅಂದ ಹುಡುಗ. ಅವನಿಗೂ ಅಪ್ಪನ ರಕ್ತ ಇದೆ.

ನಳನದ್ದು ಬೇರೆಯೇ. ಪುಷ್ಕರನಿಗೆ ರಾಜ್ಯ ಸೋತ, ಕಾಡು ಪಾಲಾದ, ಬಾಹುಕನಾಗಿ ಋತುಪರ್ಣನ ಸಾರಥ್ಯ ಮಾಡಿದ, ಅವನಿಂದ ಅಕ್ಷಹೃದಯ, ಅಂದರೆ ದಾಳದ ಗುಟ್ಟು, ಕಲಿತ. ಆ ವಿದ್ಯೆ ಕೈಗೆ ಬಂದ ಮೇಲೆ ಪುಷ್ಕರನ ಎದುರು ಮತ್ತೆ ಕೂತು ಗೆದ್ದ. ಅವನೂ ಮತ್ತೆ ಕೂತವನೇ, ಆದರೆ ಸೋತ ನಳ ಬೇರೆ, ಮತ್ತೆ ಕೂತ ನಳ ಬೇರೆ. ಈ ಕತೆಯನ್ನು ಧರ್ಮರಾಯನಿಗೆ ಬೃಹದಶ್ವ ಮುನಿ ಹೇಳುವುದು ಕಾಡಿನಲ್ಲಿ, ಎರಡನೇ ಸಲವೂ ಸೋತು ಬಂದ ಮೇಲೆ. ಕತೆಯ ಜೊತೆ ಅಕ್ಷಹೃದಯವನ್ನೂ ಕಲಿಸುತ್ತಾನೆ. ಆಮೇಲೆ ಧರ್ಮರಾಯ ಕಂಕಭಟ್ಟನಾಗಿ ವಿರಾಟನ ಆಸ್ಥಾನದಲ್ಲಿ ಪಗಡೆ ಆಡಿಕೊಂಡೇ ವರ್ಷ ಕಳೆದ. ಟ್ಯೂಷನ್ ಸ್ವಲ್ಪ ತಡವಾಯಿತು ಅಷ್ಟೆ.

12 ವರ್ಷ ಅಂದಾಗ ನನಗೆ ನಮ್ಮ ಕೆಳದಿಯ ಅರಸ ಶಿವಪ್ಪ ನಾಯಕನ ನೆನಪಾಯಿತು. ಬೇರೆಯವರಿಗೆ ಆಗುತ್ತದೋ ಇಲ್ಲವೋ, ಲೆಕ್ಕ ಬರೆದವನಿಗೆ ಆಗುತ್ತದೆ. ಕೆಳದಿ ನಮ್ಮ ತಾಲ್ಲೂಕು, ಅವನು ಆಳಿದ ಬಿದನೂರು, ಅಂದರೆ ನಗರ, ಹೊಸನಗರ ತಾಲ್ಲೂಕು. ಹದಿನೇಳನೇ ಶತಮಾನದ ನಡುವಿನಲ್ಲಿ ಅವನು ಕಂದಾಯಕ್ಕೆ ಹಾಕಿದ ಶಿಸ್ತಿನ ವಿಚಾರ ಬಿ.ಎಲ್. ರೈಸರ ಮೈಸೂರು ಗೆಜೆಟಿಯರಿನಲ್ಲಿದೆ: ಊರೂರಿನಲ್ಲಿ ಪ್ರತಿ ದರ್ಜೆಯ ಒಂದೊಂದು ಭೂಮಿಯನ್ನು 12 ವರ್ಷ ತನ್ನ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲ ಬರೆಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಸರ್ಕಾರಕ್ಕೆ ನಿಗದಿ ಮಾಡಿದ ಅಂತ. ಒಂದು ವರ್ಷದ ಮಳೆ ನೋಡಿ ಭೂಮಿಯ ಯೋಗ್ಯತೆ ಹೇಳಲಿಲ್ಲ. ಹುಡುಗ ಎಷ್ಟು ಆಟದ ಲೆಕ್ಕ ಬರೆದಿಟ್ಟಿದ್ದಾನೆ ಅಂತ ಕೇಳಿದೆ. ಗೆದ್ದದ್ದರ ಫೋಟೋ ಇದೆ ಅಂದ. ಸೋತದ್ದರ? ತಲೆ ಕೆರೆದುಕೊಂಡ. ಒಬ್ಬ 12 ವರ್ಷ ಲೆಕ್ಕ ಬರೆಸಿ ರಾಜ್ಯ ಕಟ್ಟಿದ, ಇನ್ನೊಬ್ಬ ಲೆಕ್ಕ ಬರೆಯದೆ 12 ವರ್ಷ ಕಾಡಿಗೆ ಹೋದ, ನೀನು ಯಾವ ಕಡೆ ಅಂತ ಕೇಳಿದ್ದಕ್ಕೆ ಸಿಗ್ನಲ್ ಬಂತು ಅಂತ ಉಪ್ಪರಿಗೆ ಹತ್ತಿದ.

ಉಳಿದದ್ದು ದೀಪಾವಳಿಯ ಏರ್ಪಾಡು. ಈ ಸಲ ದುಡ್ಡು ಬೇಡ, ಅಡಿಕೆ ಇಟ್ಟು ಆಡೋಣ ಅಂತ ಭಾವನ ಸಲಹೆ. ಬರೀ ಚಿಪ್ಪಿನ ಆಟದ ಗತಿ ಈಗಷ್ಟೇ ಕೇಳಿದ್ದೆನಲ್ಲ, ಕೆಳದರ್ಜೆಯ ಗೊರಬಲು ಇಟ್ಟರೆ ಯಾರಿಗೂ ಭಯ ಇರುವುದಿಲ್ಲ ಅಂದೆ. ಮೇಲ್ದರ್ಜೆಯ ಸರಕು ಇಡೋಣ ಅಂದರೆ ಅವನ ಮುಖ ಇಳಿಯಿತು. ಅವನ ಹತ್ತಿರ ಸರಕು ಎಷ್ಟಿದೆ ಅಂತ ಎಣಿಸಿ ಇಟ್ಟವಳು ಅವನ ಹೆಂಡತಿ, ನನ್ನ ಅಕ್ಕ. ಕೊನೆಗೆ ನಡುವಿನ ದರ್ಜೆಯ ಬೆಟ್ಟೆಗೆ ಒಪ್ಪಂದವಾಯಿತು. ಒಬ್ಬೊಬ್ಬರು ಎಷ್ಟು ಸಲ ವಾಪಸ್ ಬರುತ್ತೀರಿ ಅಂತ ಎಲೆ ಕಲಸುವ ಮೊದಲೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಸಹಿ ಹಾಕಬೇಕು, ಹಾಳೆ ನನ್ನ ಹತ್ತಿರ ಇರುತ್ತದೆ ಅಂದೆ.

"ಬರೀತೇನೆ. ಆದ್ರೆ ವಾಪಸ್ ಬಂದಾಗ ನಂಗೆ ಪೋಕರಿನ ಹಾಗೆ ಸೊನ್ನೆಯಿಂದ ಶುರು ಮಾಡ್ಬೇಕು. ಹೆಚ್ಚಿದ್ದವನ ಮೇಲೆ ಒಂದು ಅನ್ನೋದು ನಂಗೆ ಒಗ್ಗೋದಿಲ್ಲ."

ಆಗುವುದಿಲ್ಲ, ನೂರೊಂದರ ನಿಯಮ ನೂರೊಂದರದ್ದೇ ಅಂದೆ.

"ಹಂಗಾದ್ರೆ ನಾನು ಹಬ್ಬಕ್ಕೆ ತೀರ್ಥಹಳ್ಳಿಗೆ ಹೋಗ್ತೇನೆ. ನನ್ನ ಚಿಕ್ಕಪ್ಪನ ಮನೆಯಲ್ಲಿ ಇನ್ನೂರೊಂದು ಆಡ್ತಾರೆ. ಅಲ್ಲಿ 174ರ ತನಕ ವಾಪಸ್ ಬರ್ಬಹುದು" ಅಂದು ಭಾವ ಕವಳ ಉಗಿದು ತೋಟದ ಕಡೆ ನಡೆದ.